ಪಿಂಗಾಣಿ ಕಾರ್ಖಾನೆಯ ಹುಳುಗಳ ಹಾಜರಿ

ನಮ್ಮೂರಿನ ಪಿಂಗಾಣಿ ಕಾರ್ಖಾನೆ ಮುಚ್ಚಿ ಹತ್ತೊಂಬತ್ತು ವರ್ಷವಾಯಿತು. ಅಲ್ಲಿಯ ಹುಳುಗಳು ಮಾತ್ರ ಇವತ್ತಿಗೂ ಶಿಫ್ಟ್ ತಪ್ಪಿಸಿಲ್ಲ. ಬೆಳಿಗ್ಗೆ ಆರಕ್ಕೆ ಮೊದಲ ಶಿಫ್ಟಿನವು ತಮ್ಮ ತಮ್ಮ ತೂತುಗಳಿಂದ ಹೊರಬರುತ್ತವೆ. ಮಧ್ಯಾಹ್ನ ಎರಡಕ್ಕೆ ಅವು ಒಳಗೆ ಹೋಗಿ ಎರಡನೆಯ ಶಿಫ್ಟಿನವು ಬರುತ್ತವೆ. ರಾತ್ರಿ ಹತ್ತರಿಂದ ಪತಂಗಗಳ ಪಾಳಿ. ಕಾರ್ಖಾನೆಗೆ ಮಂಗಳವಾರ ವಾರದ ರಜೆ ಇದ್ದದ್ದರಿಂದ ಮಂಗಳವಾರ ಆ ಬಯಲಿನಲ್ಲಿ ಒಂದು ಸೊಳ್ಳೆಯೂ ಕಚ್ಚುವುದಿಲ್ಲ. ಹಾಗಾಗಿ ಸುತ್ತಲಿನ ಓಣಿಯವರು ನಾಮಕರಣ, ಸೀಮಂತ ಎಲ್ಲವನ್ನೂ ಮಂಗಳವಾರವೇ ಇಟ್ಟುಕೊಳ್ಳುತ್ತಾರೆ. ಪುರೋಹಿತರು ಮೊದಮೊದಲು ವಾರ ಸರಿಯಿಲ್ಲವೆಂದು ತಕರಾರು ತೆಗೆದರು. ಒಂದು ಗುರುವಾರ ಮಂಟಪದಲ್ಲಿ ಅವರಿಗೂ ಕಡಜ ಕಚ್ಚಿದ ಮೇಲೆ ಪಂಚಾಂಗದಲ್ಲಿ ದಾರಿ ಕಂಡುಕೊಂಡರು. ಗೇಟಿನೆದುರಿನ ಚಹಾದಂಗಡಿಯವನು ಎರಡಕ್ಕೆ ಐದು ನಿಮಿಷವಿರುವಾಗ ಸಕ್ಕರೆ ಡಬ್ಬಿ ಮುಚ್ಚಿ ಮೇಲೊಂದು ಕಲ್ಲು ಇಡುತ್ತಾನೆ. ಶಿಫ್ಟ್ ಬದಲಾಗುವಾಗ ಎರಡೂ ಪಾಳಿಯವು ಒಟ್ಟಿಗೆ ಬರುತ್ತವೆ.

ನಾನು ಕೊಟ್ರೇಶ, ಪುರಸಭೆಯಲ್ಲಿ ದಿನಗೂಲಿ ನೌಕರ. ನಮ್ಮೂರಿನಲ್ಲಿ ಒಂದು ಆವರಣದೊಳಗೆ ವರ್ಷಕ್ಕೆ ಇನ್ನೂರ ನಲವತ್ತು ದಿನ ಹಾಜರಿ ಬಿದ್ದವರು ಕಾಯಂ ಆಗುತ್ತಾರೆ. ಕಾಯಂ ಆದವರನ್ನು ಆ ಆವರಣದಿಂದ ಯಾರೂ ಕದಲಿಸುವಂತಿಲ್ಲ. ಆದ್ದರಿಂದ ನಮ್ಮೂರಿನಲ್ಲಿ ಎಲ್ಲರನ್ನೂ ಇನ್ನೂರ ಮೂವತ್ತೊಂಬತ್ತನೆಯ ದಿನ ಸಂಜೆ ಬಿಡುಗಡೆ ಮಾಡಿ, ಸ್ವಲ್ಪ ದಿನ ಮನೆಯಲ್ಲಿ ಕೂರಿಸಿ, ಹೊಸ ವರ್ಷಕ್ಕೆ ಮತ್ತೆ ಕರೆಯುತ್ತಾರೆ. ನನ್ನನ್ನು ಹೀಗೆ ಏಳು ಸಲ ಬಿಡುಗಡೆ ಮಾಡಿದ್ದರು. ಒಂದು ವರ್ಷ ಬೀದಿನಾಯಿ ಎಣಿಸಿದೆ, ಒಂದು ವರ್ಷ ನೀರಿನ ವಾಲ್ವ್ ತಿರುಗಿಸಿದೆ, ಒಂದು ವರ್ಷ ಏನು ಮಾಡಿದೆನೋ ನನಗೇ ಸರಿಯಾಗಿ ಗೊತ್ತಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಹೋಗಿ ಕೂತಿದ್ದೆ.

ಎಂಟನೆಯ ವರ್ಷ ಪುರಸಭೆಯವರು ಕಾರ್ಖಾನೆ ಬಯಲಿನಲ್ಲಿ ಸಾವಿರ ಜನ ಕೂರುವ ಕಲ್ಯಾಣ ಮಂಟಪ ಕಟ್ಟಿಸಲು ಹೊರಟರು. ಅಗೆಯುವ ಮೊದಲು ಅಲ್ಲಿ ಯಾವ ಯಾವ ಜೀವಿಗಳಿವೆ ಎಂದು ಸಮೀಕ್ಷೆ ಮಾಡಿಸಿ ಎಂದು ಮೇಲಿನಿಂದ ಪತ್ರ ಬಂತು. ನಾನು ಸಂಜೆ ತರಗತಿಗಳಿಗೆ ಹೋಗಿ ಜೀವಶಾಸ್ತ್ರದ ಸರ್ಟಿಫಿಕೇಟ್ ಪಡೆದಿದ್ದೆ. ಇಡೀ ಪುರಸಭೆಯಲ್ಲಿ ಹುಳದ ಕಾಲು ಎಷ್ಟು ಎಂದು ಕೇಳಿದರೆ ಎಣಿಸದೆ ಹೇಳುವವನು ನಾನೊಬ್ಬನೇ. ಆದರೂ ನನಗೆ ಧೈರ್ಯವಿರಲಿಲ್ಲ. ಜೀರುಂಡೆಗಳ ಪಾಠವಾದ ಎರಡೂ ಸಂಜೆ ಕರೆಂಟು ಹೋಗಿತ್ತು. ಮೇಷ್ಟ್ರು ಕತ್ತಲಲ್ಲೇ ಬೋರ್ಡಿನ ಮೇಲೆ ಚಿತ್ರ ಬರೆದು, ಬರೆದದ್ದನ್ನು ಕತ್ತಲಲ್ಲೇ ಅಳಿಸಿದ್ದರು. ಬಯಲಿನಲ್ಲಿ ಜೀರುಂಡೆ ಕಂಡಾಗಲೆಲ್ಲ ನಾನು ತಪ್ಪು ಹೇಳುತ್ತಿದ್ದೇನೆ ಎಂಬ ಅಳುಕಿನಿಂದಲೇ ಬರೆಯುತ್ತಿದ್ದೆ.

ಬಯಲಿನ ನಡುವೆ ರಿಜೆಕ್ಟ್ ಗುಡ್ಡವಿದೆ. ವಿದ್ಯುತ್ ಕಂಬದ ಮೇಲೆ ತಂತಿ ಕಟ್ಟಲು ಇಡುತ್ತಾರಲ್ಲ, ಆ ಬಿಳಿ ಪಿಂಗಾಣಿ ಬಟ್ಟಲುಗಳನ್ನು ನಮ್ಮ ಕಾರ್ಖಾನೆ ಮಾಡುತ್ತಿತ್ತು. ಬಿರುಕು ಬಿಟ್ಟವನ್ನೆಲ್ಲ ನಲವತ್ತು ವರ್ಷ ಒಂದೇ ಕಡೆ ಸುರಿದದ್ದರಿಂದ ಗುಡ್ಡವಾಯಿತು. ಪ್ರತಿ ಬಟ್ಟಲಿನ ನಡುವೆ ಬೆರಳು ಹೋಗುವಷ್ಟು ತೂತು, ಪ್ರತಿ ತೂತಿನಲ್ಲಿ ಯಾರಾದರೊಬ್ಬರ ಸಂಸಾರ. ಹೆಚ್ಚಿನವು ಕಡಜಗಳವು. ತಾಯಿ ಕಡಜ ಒಂದೊಂದು ಕೋಣೆಗೆ ಒಂದೊಂದು ಮೊಟ್ಟೆ ಇಟ್ಟು, ಮರಿ ತಿನ್ನಲೆಂದು ಕಂಬಳಿಹುಳು ತುಂಬಿ, ಬಾಯಿಗೆ ಬಿಳಿ ಮಣ್ಣು ಮೆತ್ತಿ ಮುಚ್ಚುತ್ತದೆ. ಹಳೇ ಭಟ್ಟಿಯ ಪಕ್ಕದ ನುಣ್ಣನೆ ಪುಡಿಯಲ್ಲಿ ಕುಳಿಹುಳಗಳು ಆಲಿಕೆಯಂಥ ಗುಂಡಿ ತೋಡಿಕೊಂಡು ಇರುವೆ ಜಾರಿ ಬೀಳುವುದನ್ನು ಕಾಯುತ್ತವೆ. ಮೊದಲ ವಾರ ನಾನು ಹುಳುಗಳನ್ನೇ ಎಣಿಸಿದೆ. ಒಂದೇ ಹುಳವನ್ನು ಎರಡು ಸಲ ಎಣಿಸಿದೆನೇನೋ ಎಂಬ ಚಿಂತೆಯಿಂದ ನಿದ್ದೆ ಹತ್ತಲಿಲ್ಲ. ಬೆನ್ನಿಗೆ ಬಣ್ಣದ ಚುಕ್ಕೆ ಇಟ್ಟೆ, ಅವು ಒರೆಸಿಕೊಂಡವು. ಕೊನೆಗೆ ತೂತಿಗೇ ನಂಬರು ಕೊಟ್ಟೆ. ಒಂದು ಸತ್ತರೂ ಅದೇ ತೂತಿನಿಂದ ಇನ್ನೊಂದು ಬರುತ್ತಿತ್ತು. ಎಲ್ಲ ಸೇರಿ ನಾಲ್ಕು ಸಾವಿರದ ಮುನ್ನೂರ ಹದಿನಾರು ತೂತು.

ಈ ನಂಬರಿನ ಉಪಾಯ ಹೇಳಿಕೊಟ್ಟವರು ಹಯಾತ್‌ಸಾಬರು. ಅವರು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದವರು. ಕಾರ್ಖಾನೆ ಮುಚ್ಚಿದ ಮೇಲೂ ದಿನಾ ಆರಕ್ಕೆ ಬಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಬಿಡಿ ಹಾಳೆಯಲ್ಲಿ ಬರೆಯುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. “ಏನಪ್ಪಾ ಕೊಟ್ರೇಶಿ, ಹಿಂಗೆಲ್ಲಾ ಚೀಟಿ ಮ್ಯಾಲೆ ಬರೀತಾರೇನು? ಅವೇನು ಕದ್ದು ಬಂದಾವಾ?” ಎಂದು ಮನೆಯಿಂದ ಕಾರ್ಖಾನೆಯ ಹಳೆಯ ಹಾಜರಿ ಪುಸ್ತಕ ತಂದುಕೊಟ್ಟರು. ಅರ್ಧ ಖಾಲಿಯಿತ್ತು. ಚೀಟಿಯಲ್ಲಿದ್ದ ಮೊದಲ ವಾರದ ಲೆಕ್ಕವನ್ನೂ ಇಳಿಸಿಕೊಂಡು ನಾನು ಮುಂದಿನ ಪುಟದಿಂದಲೇ ಶುರುಮಾಡಿದೆ. ಬಂದವಕ್ಕೆ ಹಾಜರು, ಬಾರದವಕ್ಕೆ ಗೈರು, ಕಾರ್ಖಾನೆ ರಜೆಗೆ ರಜೆ. ಗೈರು ಬರೆಯುವ ಪ್ರಸಂಗ ಒಂದು ದಿನವೂ ಬರಲಿಲ್ಲ. ಅದು ಎಂಥ ತಪ್ಪು ಎಂದು ಆಗ ಹೊಳೆಯಲಿಲ್ಲ. ತಪ್ಪೋ ಸರಿಯೋ, ಈಗಲೂ ನನಗೆ ಖಚಿತವಿಲ್ಲ.

ಇನ್ನೂರ ಮೂವತ್ತೈದನೆಯ ದಿನ ಹಯಾತ್‌ಸಾಬರು ಪುಸ್ತಕ ತಿರುವಿ ನೋಡಿ ಕನ್ನಡಕ ತೆಗೆದರು. “ಇನ್ನೈದು ದಿನ ಐತಿ ನೋಡು” ಎಂದರು. ನನ್ನ ಬಿಡುಗಡೆಗೆ ಇನ್ನು ನಾಲ್ಕೇ ದಿನವೆಂದು ನಾನು ತಿದ್ದಿದೆ. “ನಿಂದಲ್ಲೋ ಮಾರಾಯಾ. ಇವುಗಳದ್ದು. ಐದು ದಿನಾ ಬಂದ್ರೆ ಇವು ಕಾಯಂ.” ನಾನು ನಕ್ಕೆ. ಅವರು ನಗಲಿಲ್ಲ. “ನಮ್ಮನ್ನ ಮುನ್ನೂರು ಮಂದೀನ ಇನ್ನೂರ ಮೂವತ್ತೊಂಬತ್ತಕ್ಕೆ ಬಿಡಿಸಿ ಬಿಡಿಸಿ ಇಪ್ಪತ್ತು ವರ್ಷ ದುಡಿಸ್ಕಂಡ್ರು. ಬಿಡಿಸಿದ್ದನ್ನ ಬರೆದಾಂವ ನಾನಾ, ಇದಾ ಕೈಲೆ. ಇವನ್ನ ಬಿಡಿಸಾಕೆ ಯಾರಿಗೂ ನೆನಪಾಗಿಲ್ಲ ನೋಡು.”

ಮಧ್ಯಾಹ್ನದ ಹೊತ್ತಿಗೆ ಹಳೆಯ ಕಾರ್ಮಿಕರು ಸೇರಿ ಹುಳುಗಳ ಪರವಾಗಿ ಅರ್ಜಿ ಹಾಕಿದರು. ಸಂಜೆಗೆ ಪುರಸಭೆಯ ಮುಖ್ಯಾಧಿಕಾರಿ ವನಮಾಲಾ ಮೇಡಂ ನನ್ನನ್ನು ಕರೆಸಿದರು. ನಿಯಮದ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಕಾಯಂ ಆಗುವವರು ಮನುಷ್ಯರೇ ಆಗಿರಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆದವರಿಗೆ ಆ ಅನುಮಾನ ಬಂದಿರಲಿಲ್ಲ.

“ನಿಮಗೆ ಹಾಜರಿ ಪುಸ್ತಕದಲ್ಲಿ ಬರೀರಿ ಅಂತ ಯಾರು ಹೇಳಿದ್ರು ಕೊಟ್ರೇಶ್?”

“ಹಾಳೆ ಹಾರಿಹೋಗ್ತಿದ್ವು ಮೇಡಂ.”

ಅವರು ನಿಯಮದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ಕೋಪ ಬಂದಾಗ ಅವರು ಕೂಗುವುದಿಲ್ಲ, ಅದೇ ಹೆದರಿಕೆ. ಆಮೇಲೆ ಹೇಳಿದರು. ಇನ್ನೂರ ನಲವತ್ತನೆಯ ದಿನ ಯಾರೂ ಎಣಿಸದಿದ್ದರೆ, ಹುಳ ಬಂದಿದ್ದವು ಆದರೆ ಬರೆಯಲಿಲ್ಲ ಎಂದು ಹಯಾತ್‌ಸಾಬರ ಕಡೆಯವರು ಗಲಾಟೆ ಮಾಡುತ್ತಾರೆ. ಆದ್ದರಿಂದ ಆ ದಿನ ಹುಳ ಬರಲಿಲ್ಲ ಎಂದು ಎಣಿಕೆದಾರನೇ ಬರೆದುಕೊಡಬೇಕು. ಅದಕ್ಕೆಂದು ನನ್ನನ್ನು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ.

“ಒಂದು ದಿನ ಹೆಚ್ಚಿಗೆ ಅಂದ್ರೆ ಮೇಡಂ...”

“ಹೌದು. ನಿಮಗೂ ಇನ್ನೂರ ನಲವತ್ತು ಆಗುತ್ತೆ. ನೀವೂ ಕಾಯಂ. ನನಗೆ ಗೊತ್ತಿಲ್ಲದೇ ಇಲ್ಲ. ನಾಲ್ಕು ಸಾವಿರ ಹುಳ ಕಾಯಂ ಮಾಡೋದಕ್ಕಿಂತ ಒಬ್ಬ ಮನುಷ್ಯನ್ನ ಮಾಡೋದು ಸುಲಭ.”

“ಮತ್ತೆ ಹುಳ ಬಂದುಬಿಟ್ರೆ?”

“ಬರಲ್ಲ. ಅದನ್ನ ನಾನು ನೋಡ್ಕೋತೀನಿ. ನೀವು ಗೈರು ಅಂತ ಬರೀರಿ. ಆ ಪುಸ್ತಕ ತುಂಬಾ ಒಂದೇ ಪದ, ಅಷ್ಟೆ.”

ಮನೆಗೆ ಹೋಗಿ ಹೇಳಿದಾಗ ನನ್ನ ಹೆಂಡತಿ ಹಾಲಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ನಾವು ಬಾಡಿಗೆಗಿದ್ದ ಕೋಣೆಗೆ ಕಿಟಕಿಯಿಲ್ಲ. ಕಾಯಂ ನೌಕರರಿಗೆ ನೀರಿನ ಟ್ಯಾಂಕಿನ ಹಿಂದೆ ಕ್ವಾರ್ಟರ್ಸ್ ಇವೆ, ಒಂದೊಂದಕ್ಕೆ ಮೂರು ಕಿಟಕಿ. ಮಾರನೆಯ ದಿನವೇ ಹಾಲಮ್ಮ ಹೋಗಿ, ಅಲ್ಲಿ ವಾಸವಿದ್ದವರನ್ನೇ ಕೇಳಿ, ಕಿಟಕಿ ಅಳತೆ ತೆಗೆದುಕೊಂಡು ಬಂದಳು. “ಏನಾರ ನಿಮ್ ಹುಚ್ಚು ಪ್ರಾಮಾಣಿಕತಿ ತೋರ್ಸಾಕೆ ಹೋಗ್ಬ್ಯಾಡ್ರಿ ಮತ್ತೆ” ಎಂದಳು. “ಅವು ಬರದಿದ್ರೆ ಬಂದಿಲ್ಲ ಅಂತ ಬರಿಯಾದು ಸುಳ್ಳೇನಲ್ಲ.” ನನಗೂ ಹಾಗೆಯೇ ಅನ್ನಿಸಿತು. ಬಾರದಿದ್ದವರನ್ನು ಬರಲಿಲ್ಲ ಎಂದು ಬರೆಯುವುದರಲ್ಲಿ ಸುಳ್ಳೆಲ್ಲಿದೆ?

ಮೇಡಂ ಮಾಡಿದ್ದು ಇಷ್ಟೇ. ಗೇಟಿನ ಮೇಲೆ ಕಾರ್ಖಾನೆಯ ಕಾಲದ ರಜಾಪಟ್ಟಿಯ ಹಲಗೆ ಇದೆ. ಅದರಲ್ಲಿರುವ ದಿನಗಳಂದು ಹುಳುಗಳು ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಇನ್ನೂರ ಮೂವತ್ತೊಂಬತ್ತನೆಯ ದಿನ ಸಂಜೆ ಅವರು ಸ್ವತಃ ಬಂದು, ನಾಳೆಯ ತಾರೀಖನ್ನು ಆ ಹಲಗೆಯಲ್ಲಿ ಬರೆಸಿ, ಕೆಳಗೆ “ಈ ಆವರಣದಲ್ಲಿ ಕೆಲಸ ಮಾಡುವ ಸಮಸ್ತರಿಗೂ ರಜೆ” ಎಂಬ ಆದೇಶ ಅಂಟಿಸಿ, ಸಹಿ ಮಾಡಿ ಸೀಲು ಒತ್ತಿದರು. ನನ್ನ ಕೈಗೂ ಒಂದು ಪತ್ರ ಕೊಟ್ಟರು. ಹುಳುಗಳ ಗೈರುಹಾಜರಿಯನ್ನು ದಾಖಲಿಸುವ ಸಲುವಾಗಿ ಮಾತ್ರ ಒಂದು ದಿನದ ಮುಂದುವರಿಕೆ ಎಂದು ಅದರಲ್ಲಿತ್ತು.

ಮರುದಿನ ಆರಕ್ಕೆ ಗೇಟು ತೆರೆದೆ. ಆರೂಕಾಲಾಯಿತು, ಆರೂವರೆಯಾಯಿತು. ಒಂದೂ ಇಲ್ಲ. ರಿಜೆಕ್ಟ್ ಗುಡ್ಡ ಬಿಸಿಲಿಗೆ ಹಲ್ಲು ಕಿರಿದಂತೆ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಒಂದನೆಯ ತೂತಿನಿಂದ ಶುರುಮಾಡಿ ನಾಲ್ಕು ಸಾವಿರದ ಮುನ್ನೂರ ಹದಿನಾರನ್ನೂ ಬಗ್ಗಿ ನೋಡಿದೆ. ಯಾವುದನ್ನಾದರೂ ಬಿಟ್ಟೆನೇನೋ ಎಂದು ಇನ್ನೊಂದು ಸುತ್ತು ನೋಡಿದೆ. ಎಲ್ಲವೂ ಒಳಗೇ ಇದ್ದವು, ಒಂದೊಂದು ತೂತಿನ ಬಾಯಲ್ಲಿ ಒಂದು ಜೊತೆ ಮೀಸೆ ಅಲ್ಲಾಡುತ್ತಿತ್ತು. ಕುಳಿಹುಳದ ಗುಂಡಿಯೊಂದಕ್ಕೆ ಇರುವೆಯೊಂದು ಜಾರಿ ಬಿದ್ದು, ಯಾರೂ ಹಿಡಿಯದ್ದರಿಂದ ಗಾಬರಿಯಾಗಿ, ಮತ್ತೆ ಹತ್ತಿ ಹೋಯಿತು.

ಹಾಜರಿ ಪುಸ್ತಕ ತೆರೆದು ಕೂತೆ. ಗೈರು ಎಂದು ಬರೆಯಬೇಕು. ಬರೆದರೆ ಮೂರು ಕಿಟಕಿ. ಪೆನ್ನು ಇಟ್ಟೆ, ಎತ್ತಿದೆ. ಹಯಾತ್‌ಸಾಬರು ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಅವರು ಏನಾದರೂ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಏನ್ ಬರೀಲಿ ಹಯಾತ್‌ಸಾಬ್ರೆ?”

“ನಿನ್ ಪೆನ್ನು ನಿನ್ ಕೈಯಾಗೈತಿ. ನನ್ನ ಯಾಕ ಕೇಳ್ತಿ?”

“ಬಂದಿಲ್ಲ ಅವು. ನೀವೂ ನೋಡಿದ್ರಿ.”

“ನೋಡ್ದೆ. ಬಂದಿಲ್ಲ.” ಅವರು ಎದ್ದು ಬಂದು ಹಲಗೆಯ ಕೆಳಗೆ ನಿಂತರು. “ನಾ ನಿನಗ ಒಂದು ಮಾತು ಹೇಳ್ತೀನಿ, ಹಾಜರಿ ಬರಿಯಾವ್ನಾಗಿ. ಹೇಳ್ದೆ ಕೇಳ್ದೆ ಮನ್ಯಾಗ ಕುಂತ್ರೆ ಅದು ಗೈರು. ಮಾಲೀಕ ಬರಬ್ಯಾಡ ಅಂದಿದ್ದಕ್ಕ ಮನ್ಯಾಗ ಕುಂತ್ರೆ ಅದು ರಜಾ. ಮಂಗಳವಾರದ ಕತಿ ಬ್ಯಾರೆ, ಅದು ವಾರದ್ದು. ಮಾಲೀಕ ತಾನಾಗಿ ಕೊಟ್ಟಿದ್ದು ಹಾಜರಿಗೆ ಸಮ. ನಾನೂ ಒಂದ್ಸಲ ಇಂಥಾ ದಿನಾ ಮುನ್ನೂರು ಮಂದಿಗೆ ಗೈರು ಅಂತ ಬರ್ದೀನಿ. ಮಾಲೀಕ್ರು ಚಹಾ ಕುಡಿಸಿ ಬರಸಿದ್ರು. ಚಹಾ ಚೊಲೋ ಇತ್ತು.”

ಇಷ್ಟು ಹೇಳಿ ಅವರು ಮತ್ತೆ ಕಟ್ಟೆಗೆ ಹೋದರು. ನಾನು ಎರಡನೆಯ ಶಿಫ್ಟಿನವರೆಗೂ ಕಾದೆ. ಯಾವುದಾದರೂ ಒಂದು ಹುಳ ಆಸೆಬುರುಕತನದಿಂದ ಹೊರಗೆ ಬಂದಿದ್ದರೂ ನನ್ನ ಕಷ್ಟ ಕಡಿಮೆಯಾಗುತ್ತಿತ್ತು. ಆದೇಶಕ್ಕೆ ಅಷ್ಟು ವಿಧೇಯವಾಗಿ ಒಳಗೆ ಕೂತವುಗಳನ್ನು ಹೇಳದೆ ಕೇಳದೆ ತಪ್ಪಿಸಿಕೊಂಡವೆಂದು ಬರೆಯುವುದು ಹೇಗೆ? ಎರಡಾಗಿ ಹತ್ತು ನಿಮಿಷಕ್ಕೆ ಆ ದಿನದ ಕಾಲಮಿನಲ್ಲಿ ಮೇಲಿನಿಂದ ಕೆಳಗೆ ರಜೆ, ರಜೆ, ರಜೆ ಎಂದು ಬರೆಯತೊಡಗಿದೆ. ಮೇಡಂ ಹೇಳಿದಂತೆ ಒಂದೇ ಪದ. ನಾಲ್ಕು ಸಾವಿರ ಸಲ ಬರೆಯುವುದಕ್ಕೆ ಸಂಜೆಯಾಯಿತು. ಕೊನೆಯಲ್ಲಿ “ಮುಖ್ಯಾಧಿಕಾರಿಗಳ ಆದೇಶದಂತೆ” ಎಂದು ಸೇರಿಸಿದೆ.

ಹದಿನೈದು ದಿನದ ಮೇಲೆ ವಿಚಾರಣೆಗೆ ಒಬ್ಬ ಕಾರ್ಮಿಕ ಅಧಿಕಾರಿ ಬಂದರು. ನಿವೃತ್ತಿಗೆ ಹತ್ತಿರವಾದವರು, ಮೂಗಿಗೆ ಆಗಾಗ ಔಷಧದ ಹನಿ ಬಿಟ್ಟುಕೊಳ್ಳುತ್ತಿದ್ದರು. ಕಾರ್ಖಾನೆಯ ಚಿಮಣಿಯ ನೆರಳಿನಲ್ಲಿ ಮೇಜು ಹಾಕಿತ್ತು. ಹಾಜರಿ ಪುಸ್ತಕದ ಪುಟಗಳನ್ನು ಒಂದೊಂದಾಗಿ ನೋಡಿ, ರಜೆಯ ಪುಟಕ್ಕೆ ಬಂದು ತಲೆ ಎತ್ತಿದರು.

“ಈ ರಜೆ ನೀವು ಕೊಟ್ಟಿದ್ದೇನಮ್ಮಾ?”

ಮೇಡಂ ಸಹಿ ಅಲ್ಲೇ ಗೇಟಿನ ಮೇಲಿತ್ತು, ಸೀಲು ಸಹಿತ. ತನ್ನ ಸಹಿಯನ್ನು ತನ್ನದಲ್ಲ ಎಂದು ಹೇಳಿದ ಅಧಿಕಾರಿಯನ್ನು ನಮ್ಮೂರು ಇನ್ನೂ ಕಂಡಿಲ್ಲ. “ನಾನೇ ಕೊಟ್ಟಿದ್ದು ಸರ್. ಆದರೆ ಅವು ನಮ್ಮ ನೌಕರರಲ್ಲ.”

“ನೌಕರರಲ್ಲದವರಿಗೆ ರಜೆ ಯಾಕೆ ಕೊಟ್ರಿ?”

“ಬರಬಾರದು ಅಂತ.”

“ನಾಳೆ ರಸ್ತೆಯಲ್ಲಿ ಹೋಗೋರಿಗೂ ರಜೆ ಕೊಡ್ತೀರಾ?” ಅವರು ಮೂಗಿಗೆ ಹನಿ ಬಿಟ್ಟುಕೊಂಡರು. “ರಜೆ ಕೊಟ್ಟಿದ್ದೀರಿ, ಅವು ತಗೊಂಡಿವೆ. ಕೊಡೋರೂ ಒಪ್ಪಿದ್ದಾರೆ, ತಗೊಳ್ಳೋರೂ ಒಪ್ಪಿದ್ದಾರೆ. ಇನ್ನು ನಡುವೆ ನಾನ್ಯಾರು? ಇನ್ನೂರ ನಲವತ್ತು ಆಯ್ತು. ನಾಲ್ಕು ಸಾವಿರದ ಮುನ್ನೂರ ಹದಿನಾರೂ ಕಾಯಂ. ಈ ಆವರಣದಿಂದ ತೆಗೆಯೋ ಹಾಗಿಲ್ಲ, ಅಗೆಯೋ ಹಾಗಿಲ್ಲ.”

ಹಳೆಯ ಕಾರ್ಮಿಕರು ಚಪ್ಪಾಳೆ ತಟ್ಟಿದರು. ಹಯಾತ್‌ಸಾಬರು ತಟ್ಟಲಿಲ್ಲ, ಕರವಸ್ತ್ರದಿಂದ ಕನ್ನಡಕ ಒರೆಸುತ್ತ ಕೂತರು. ಒರೆಸಿ ಮುಗಿಯಲೇ ಇಲ್ಲ. ನಾನು ಧೈರ್ಯ ಮಾಡಿ ಎದ್ದು ನಿಂತೆ. “ಸರ್, ಅವತ್ತು ನಾನೂ ಬಂದಿದ್ದೆ. ನನಗೂ ಇನ್ನೂರ ನಲವತ್ತು ಆಗ್ತದೆ.”

ಮೇಡಂ ಮೊದಲ ಸಲ ನಕ್ಕರು. “ಸರ್, ಇವರ ಪತ್ರ ನೋಡಿ. ಆ ದಿನ ಇವರನ್ನ ಇಟ್ಟುಕೊಂಡಿದ್ದು ಗೈರುಹಾಜರಿ ದಾಖಲಿಸೋಕೆ ಮಾತ್ರ. ಇವರು ಗೈರು ಅಂತ ಬರೆದೇ ಇಲ್ಲ. ಅಂದ್ರೆ ಆ ದಿನದ ಕೆಲಸ ಮಾಡಿಲ್ಲ.”

ಅಧಿಕಾರಿ ಪತ್ರವನ್ನು ಎರಡು ಸಲ ಓದಿದರು. ಆದೇಶದಲ್ಲಿ ಸಮಸ್ತರಿಗೂ ರಜೆ ಇತ್ತಲ್ಲ ಎಂದು ನಾನು ತೊದಲಿದೆ. “ರಜೆ ಅಂದ್ರೆ ಮನೆಯಲ್ಲಿ ಇರಬೇಕಿತ್ತಪ್ಪಾ. ಆ ಹುಳಗಳು ಇದ್ದವಲ್ಲ, ಹಾಗೆ. ನೀನು ಬಂದಿದ್ದೀಯ, ಆದ್ದರಿಂದ ರಜೆ ತಗೊಂಡಿಲ್ಲ. ಬಂದು ಹೇಳಿದ ಕೆಲಸ ಮಾಡಿಲ್ಲ, ಆದ್ದರಿಂದ ಹಾಜರಿಯೂ ಇಲ್ಲ. ಇನ್ನೂರ ಮೂವತ್ತೊಂಬತ್ತು.” ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ನಾನು ಮತ್ತೆ ಮತ್ತೆ ಯೋಚಿಸಿ ನೋಡಿದ್ದೇನೆ, ಅವರ ಮಾತಿನಲ್ಲಿ ತಪ್ಪು ಸಿಕ್ಕಿಲ್ಲ.

ಹಾಲಮ್ಮ ಕಿಟಕಿ ಅಳತೆಯ ಚೀಟಿಯನ್ನು ಒಲೆಗೆ ಹಾಕಿದಳು. ಮೂರನೆಯ ದಿನ, “ಹೋಗ್ಲಿ ಬಿಡ್ರಿ. ನಮ್ಮಪ್ಪ ಕುಳಿಹುಳಕ್ಕ ಕೊಟ್ಟು ಮದುವಿ ಮಾಡಿದ್ರ ಈಟೊತ್ತಿಗೆ ಕಾಯಂ ನೌಕರನ ಹೇಣ್ತಿ ಆಗಿರ್ತಿದ್ದೆ” ಎಂದಳು. ಆಮೇಲೆ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು.

ಹೊಸ ವರ್ಷ ನನ್ನನ್ನು ಮತ್ತೆ ಕರೆದರು. ಇಷ್ಟು ನೌಕರರ ಹಾಜರಿ ಬರೆಯಲು ಯಾರಾದರೂ ಬೇಕಲ್ಲ. ಈಗ ಪುರಸಭೆಯ ಗೋಡೆಯ ಮೇಲೆ ಆ ಆವರಣದ ಜ್ಯೇಷ್ಠತಾ ಪಟ್ಟಿ ಇದೆ. ಮೊದಲಿನ ನಾಲ್ಕು ಸಾವಿರದ ಮುನ್ನೂರ ಹದಿನಾರು ಸ್ಥಾನ ಹುಳುಗಳದ್ದು, ಕೊನೆಯದು ನನ್ನದು. ಮೇಲಿನವರು ಯಾರಾದರೂ ಖಾಲಿಯಾದರೆ ನಾನು ಒಂದು ಮೆಟ್ಟಿಲು ಹತ್ತುತ್ತೇನೆ, ಹೀಗೆ ಹತ್ತುತ್ತ ಹೋದರೆ ಕಾಯಂ ಆಗಬಹುದು ಎಂದು ಗುಮಾಸ್ತರು ಲೆಕ್ಕ ಹಾಕಿ ತೋರಿಸಿದರು. ಆದರೆ ಕಾಯಂ ನೌಕರರ ಮಕ್ಕಳಿಗೆ ಮೊದಲ ಆದ್ಯತೆ ಎಂದು ನಿಯಮವಿದೆ. ಹುಟ್ಟುವ ಪ್ರತಿಯೊಂದು ಮರಿಯೂ ನನ್ನ ಹೆಸರಿನ ಮೇಲೆ ಸೇರುತ್ತದೆ. ಮರಿಗಳನ್ನು ಎಣಿಸಿ ಬರೆದುಕೊಡುವ ಕೆಲಸವೂ ನನ್ನದೇ.

ಮೊನ್ನೆ ಬುಧವಾರ ಮೊದಲ ಶಿಫ್ಟಿನಲ್ಲಿ ಗುಡ್ಡದ ಅಂಚಿನಲ್ಲಿ ಒಂದು ಉದ್ದನೆಯ ಪಿಂಗಾಣಿ ಕೊಳವೆ ಕಂಡಿತು. ಪಟ್ಟಿ ಹಾಕಿದ ಮೇಲಿನ ಮೊದಲ ಮರಿಗಳಿಗೆಂದು ಒಳಗೆ ಕಡಜವೊಂದು ಕೋಣೆ ಕಟ್ಟಿತ್ತು. ಬಿರುಕಿನಿಂದ ಬೆಳಕು ಬಿಟ್ಟು ನೋಡಿದೆ, ಎಣಿಸಿದೆ, ಅನುಮಾನ ಬಂದು ಇನ್ನೊಮ್ಮೆ ಎಣಿಸಿದೆ. ಒಂಬತ್ತು. ಕೊನೆಯ ಕೋಣೆಯ ಮಣ್ಣು ಇನ್ನೂ ಹಸಿಯಾಗಿತ್ತು. ಕೊಳವೆ ಜಾರಿ ಜಾರಿ ದಾರಿಗೆ ಬಂದು ನಿಂತಿತ್ತು, ನೀರಿನ ಟ್ಯಾಂಕರು ದಿನಾ ಒಂಬತ್ತೂವರೆಗೆ ಅದೇ ದಾರಿಯಲ್ಲಿ ಬರುತ್ತದೆ. ಒಂಬತ್ತಾಗಿ ಇಪ್ಪತ್ತು ನಿಮಿಷವಾಗಿತ್ತು. ನಾನು ಎರಡು ಕೈಯಲ್ಲಿ, ಒಳಗಿನವು ಅಲುಗದಂತೆ, ಕೊಳವೆಯನ್ನು ಎತ್ತಿ ಗುಡ್ಡದ ಮೂಡಣ ಮಗ್ಗುಲಿಗೆ, ಬೆಳಗಿನ ಬಿಸಿಲು ಬೀಳುವ ಕಡೆ ಒರಗಿಸಿ, ಉರುಳದಂತೆ ಎರಡೂ ಕಡೆ ಬಟ್ಟಲು ಒತ್ತು ಕೊಟ್ಟೆ. ಟ್ಯಾಂಕರು ಬಂದು ಹೋಯಿತು. ಆಮೇಲೆ ಪಟ್ಟಿ ತೆಗೆದು ನನ್ನ ಹೆಸರಿನ ಮುಂದಿದ್ದ ನಾಲ್ಕು ಸಾವಿರದ ಮುನ್ನೂರ ಹದಿನೇಳನ್ನು ಹೊಡೆದು ಹಾಕಿ ನಾಲ್ಕು ಸಾವಿರದ ಮುನ್ನೂರ ಇಪ್ಪತ್ತಾರು ಎಂದು ತಿದ್ದಿದೆ. ಕೂಡಿದ್ದು ಸರಿಯಾಗಿದೆಯೇ ಎಂದು ಇನ್ನೊಂದು ಸಲ ಬೆರಳು ಮಡಚಿ ನೋಡಿಕೊಂಡೆ. ಸರಿಯಾಗಿತ್ತು.